ಸಹಾಯ ಬೇಕು: ಕೂರ್ಮಗಡಕ್ಕೊಮ್ಮೆ ಹೋಗಿಬರಬೇಕು

ಎಲ್ಲರಿಗೂ ನಮಸ್ಕಾರ. ನಮ್ಮವರು ತೀರಿಕೊಂಡು ಮೂರು ತಿಂಗಳಾಯ್ತು. ತಿಂಗಳ ಕೊನೆಗೆ ಕಾರವಾರ ಕೋಡಿಬಾಗದ ಮನೆ ಖಾಲಿ ಮಾಡಿ ಮಗಳ ಜೊತೆ ಹುಬ್ಬಳ್ಳಿಗೆ ಹೊರಟಿದ್ದೇನೆ.

ಅದಕ್ಕೂ ಮೊದಲು ಕೂರ್ಮಗಡ ದ್ವೀಪದ ನರಸಿಂಹನಿಗೆ ಬಾಳೆಗೊನೆ ಒಪ್ಪಿಸಬೇಕು. ಪುಷ್ಯ ಹುಣ್ಣಿಮೆ ಜಾತ್ರೆಗೆ ಪ್ರತಿವರ್ಷ ದೋಣಿಯಲ್ಲಿ ಹೋಗ್ತಿದ್ದೆವು. ಗೊನೆ ಅವರ ಹೆಗಲ ಮೇಲೆ, ಇಬ್ಬರ ಚಪ್ಪಲಿ ನನ್ನ ಕೈಯಲ್ಲಿ. ಈ ಸಲ ಜಾತ್ರೆವರೆಗೆ ಕಾಯೋಕಾಗಲ್ಲ. ಬೈತಖೋಲ ಕಡೆಯ ದೋಣಿಯವರು ಯಾರಾದರೂ ನನ್ನನ್ನೂ ಮಗಳನ್ನೂ ಕರೆದುಕೊಂಡು ಹೋಗ್ತೀರಾ? ಡೀಸೆಲ್ ಖರ್ಚು ಕೊಡ್ತೇನೆ. ಮಂಡಿನೋವಿದೆ, ಹತ್ತಿ ಇಳಿಯುವಾಗ ಕೈಹಿಡಿಯುವವರು ಬೇಕು. ಸಮುದ್ರ ಶಾಂತ ಇದ್ದ ಯಾವ ದಿನವಾದರೂ ಸರಿ.

ಅಬ್ಬಲಿಗೆಯ ನಾಲ್ಕು ಕುಂಡ ಇವೆ. ದುಡ್ಡು ಬೇಡ, ನೀರು ಹಾಕುವವರು ಒಯ್ಯಿರಿ.

ಗೆಳತಿಯರೇ, ಶನಿವಾರ ಸಂಜೆ ಟಾಗೋರ್ ಕಡಲತೀರದಲ್ಲಿ, ಯುದ್ಧನೌಕೆ ಮ್ಯೂಸಿಯಂ ಹತ್ತಿರ ಕೂತಿರ್ತೇನೆ. ಮನೆಗೆ ಬರಬೇಡಿ, ಚಾ ಕೊಡೋಕೆ ಲೋಟ ಸಹ ಹೊರಗಿಟ್ಟಿಲ್ಲ.