ಆ್ಯಪ್ ಮೂಲಕ ಮನೆ ನರ್ಸಿಂಗ್‌ಗೆ ಸೇರಬಹುದಾ? ಮಾಡಿದವರು ಹೇಳಿ

ಪ್ರಶ್ನೆ: ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಬೆಂಗಳೂರಿನಲ್ಲಿ ವಾರ್ಡ್ ಡ್ಯೂಟಿ ಮಾಡ್ತಾ 6 ವರ್ಷ ಆಯ್ತು. ಮಗು ಚಿಕ್ಕದು, ನೈಟ್ ಡ್ಯೂಟಿ ಆಗ್ತಿಲ್ಲ. ಆ್ಯಪ್‌ನಲ್ಲಿ ಬುಕ್ ಮಾಡಿದ ಮನೆಗಳಿಗೆ ಹೋಗಿ ಡ್ರೆಸಿಂಗ್, ಇಂಜೆಕ್ಷನ್ ಮಾಡೋ ಕೆಲಸ ಸಿಕ್ಕಿದೆ. ನಮ್ಮನೆಯವರು ಬೇಡ ಅಂತಿದ್ದಾರೆ.

ಉತ್ತರ 1: ಸಿಸ್ಟರ್, ನಾನು 4 ವರ್ಷದಿಂದ ಇದೇ ಕೆಲಸದಲ್ಲಿದ್ದೀನಿ. ಎಷ್ಟು ಕೊಡ್ತಾರೆ ಅನ್ನೋದನ್ನ ಆಮೇಲೆ ಕೇಳಿ. ವಾರ್ಡಲ್ಲಿ ಕೂಗಿದರೆ ಡ್ಯೂಟಿ ಡಾಕ್ಟರ್ ಬರ್ತಾರೆ, ಮನೆಯಲ್ಲಿ ನೀವೊಬ್ಬರೇ. ಒಂದು ಸಲ ವಿಜಯನಗರದ ಮನೆಯಲ್ಲಿ ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯಾಟಿಕ್‌ನ ವಯಲ್ ಕೈಗಿಟ್ಟು, ಅಜ್ಜನಿಗೆ ಐವಿ (ನರಕ್ಕೆ) ಕೊಡಿ ಅಂದ್ರು. ಚೀಟಿ ನೋಡಿದೆ, ಅದೇ ಮೊದಲ ಡೋಸ್. ಜೋರು ಅಲರ್ಜಿ ರಿಯಾಕ್ಷನ್ ಆದರೆ ಕೊಡೋಕೆ ನನ್ನ ಬ್ಯಾಗಲ್ಲಿ ಅಡ್ರಿನಲಿನ್ ಇಲ್ಲ. "ಮೊದಲನೇದು ಆಸ್ಪತ್ರೆಯಲ್ಲೇ ಹಾಕಿಸಿ" ಅಂದೆ. ಅಜ್ಜನ ಮಗ ರೇಗಿ ಆ್ಯಪ್‌ನಲ್ಲಿ ಒಂದೇ ಸ್ಟಾರ್ ಕೊಟ್ಟರು. ನಮ್ಮ ಕೋಆರ್ಡಿನೇಟರ್ ನನ್ನ ಪರ ನಿಂತು ಅವರಿಗೆ ಫೋನ್ ಮಾಡಿದರು. ಅದಕ್ಕೇ ಇಲ್ಲಿ ಉಳಿದೆ. ಇದಕ್ಕೆ ಮುಂಚೆ ಇದ್ದ ಕಡೆ ಇಂಥದ್ದಕ್ಕೇ ನನ್ನ ದುಡ್ಡು ಕಟ್ ಮಾಡಿದ್ದರು, ಬಿಟ್ಟು ಬಂದೆ. ಡಾಕ್ಟರ್ ಬರೆದ ಆರ್ಡರ್ ಇಲ್ಲದೆ ಬುಕಿಂಗ್ ತಗೋತೀರಾ, ನಾನು ಆಗಲ್ಲ ಅಂದರೆ ಏನು ಮಾಡ್ತೀರಾ, ಈ ಎರಡನ್ನ ಸೇರೋ ಮೊದಲೇ ಕೇಳಿಬಿಡಿ. ಚೀನಾದಲ್ಲಿ 2019ರಲ್ಲಿ ಇಂಥ ಸೇವೆ ಶುರು ಮಾಡಿದಾಗ 5 ವರ್ಷ ಆಸ್ಪತ್ರೆ ಅನುಭವ ಇರಲೇಬೇಕು ಅಂದಿದ್ದರು. ನಿಮಗೆ 6 ಆಗಿದೆ, ಧೈರ್ಯವಾಗಿರಿ.

ಒಬ್ಬ ಅಜ್ಜಿಗೆ ಮಲಗಿದ್ದಲ್ಲೇ ಇದ್ದು ಆದ ಹುಣ್ಣಿಗೆ (ಬೆಡ್‌ಸೋರ್) ಏಳು ವಾರ ಡ್ರೆಸಿಂಗ್ ಮಾಡಿದೆ. ಗುಂಡಿ ಬಿದ್ದಿದ್ದ ಜಾಗದಲ್ಲಿ ಕೆಂಪು ಮಾಂಸ ತುಂಬಿಕೊಂಡು ಬಂದದ್ದನ್ನ ಕಣ್ಣಾರೆ ನೋಡಿದೆ. ವಾರ್ಡಲ್ಲಿ ಅಷ್ಟರೊಳಗೆ ಡಿಸ್ಚಾರ್ಜ್ ಆಗಿರುತ್ತೆ.

ಉತ್ತರ 2: ಏರಿಯಾ ಫಿಕ್ಸ್ ಮಾಡಿಸಿಕೊಳ್ಳಿ. ವೈಟ್‌ಫೀಲ್ಡಿಂದ ಜಯನಗರಕ್ಕೆ ಹೋಗಿ ಹತ್ತು ನಿಮಿಷದ ಇಂಜೆಕ್ಷನ್ ಕೊಟ್ಟು ಬಂದರೆ ಅರ್ಧ ದಿನ ಹೋಯ್ತು. ನಾನು ಬಿಟ್ಟಿದ್ದೇ ಇದಕ್ಕೆ.

ಉತ್ತರ 3: ಮನೆಯವರ ಭಯ ಸುಳ್ಳಲ್ಲ, ಹೋಗೋ ಮುಂಚೆ ಲೊಕೇಶನ್ ಕಳಿಸಿ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಲ್ಲಿ ಕೆಲಸಕ್ಕೆ ಹೋದ ಮನೆಯೂ ಕೆಲಸದ ಜಾಗವೇ. ದೂರು ಯಾರಿಗೆ ಕೊಡಬೇಕು ಅಂತ ಕಂಪನಿಯಿಂದ ಬರೆಸಿಕೊಳ್ಳಿ.

ಉತ್ತರ 4: ನಾನು ನರ್ಸ್ ಅಲ್ಲ, ಅಮ್ಮನಿಗೆ ಕ್ಯಾಥೆಟರ್ (ಮೂತ್ರದ ನಳಿಕೆ) ಬದಲಿಸಲು ಕರೆಸಿಕೊಂಡವನು. ಹೋಂ ನರ್ಸ್ ಅಂದರೆ ಎಲ್ಲಾ ಕೆಲಸ ಅಂದುಕೊಂಡು ಮೊದಲ ದಿನ ಬಟ್ಟೆ ಒಗೆಯಲು ಹೇಳಿಬಿಟ್ಟೆವು. ಸಿಸ್ಟರ್ ಮುಖ ಸಣ್ಣದಾಯ್ತು. ಆಮೇಲೆ ಕ್ಷಮೆ ಕೇಳಿದೆ. ನಿಮ್ಮ ಕೆಲಸ ಏನು, ಏನಲ್ಲ ಅಂತ ಬಾಗಿಲಲ್ಲೇ ಹೇಳಿ, ನಮಗೆ ನಿಜಕ್ಕೂ ಗೊತ್ತಿರಲ್ಲ.

ಉತ್ತರ 1, ಮತ್ತೆ: ಇನ್ನೊಂದು ಬಿಟ್ಟುಹೋಗಿತ್ತು. ಸೂಜಿ ಹಾಕೋಕೆ ಚುಚ್ಚದಂಥ ಗಟ್ಟಿ ಡಬ್ಬಿ ಕಂಪನಿ ಕೊಡುತ್ತಾ ಕೇಳಿ. ಆ ಮನೆಯ ಕಸದ ಬುಟ್ಟಿಗೆ ಹಾಕಿದರೆ ಬೆಳಗ್ಗೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತೆ.