ಸಹಾಯ ಬೇಕು: ನಮ್ಮ ಹಳದಿ ಬೋವಾಗಳ ವಂಶ ಯಾವುದು?

ಹಾಸನದ ನಮ್ಮ ಮನೆಗೆ ಚಿಕ್ಕಪ್ಪನಿಂದ ಎರಡು ಅಲ್ಬಿನೋ (ಹುಟ್ಟಿನಿಂದಲೇ ಮೈಯಲ್ಲಿ ಕಪ್ಪು ಬಣ್ಣವಿಲ್ಲದ) ಬೋವಾ ಹಾವುಗಳು ಬಂದಿವೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಿದೆ, ಆದರೆ ವಂಶದ ವಿವರ ಎಲ್ಲೂ ಇಲ್ಲ. ಎರಡಕ್ಕೂ ಕೆಂಪು ಕಣ್ಣು, ಕೆನೆಹಳದಿ ಮೈ. ಪೊರೆ ಬಿಟ್ಟ ಮರುದಿನವಂತೂ ಹೆಣ್ಣಿನ ಬೆನ್ನ ಪಟ್ಟೆಗಳು ಹಲಸಿನ ತೊಳೆಯಂತೆ ಹೊಳೆಯುತ್ತವೆ!

ಇವು ದಕ್ಷಿಣ ಅಮೆರಿಕದ ಬೋವಾಗಳೋ, ಹಿಂದೆ ಅದರ ಉಪಜಾತಿ ಎನಿಸಿದ್ದ ಮಧ್ಯ ಅಮೆರಿಕದ ಇಂಪರೇಟರ್ ಎಂಬ ಬೋವಾಗಳೋ? ಬಣ್ಣವೊಂದನ್ನೇ ನಂಬಲು ನನಗೆ ಧೈರ್ಯವಿಲ್ಲ. ಅಲ್ಬಿನೋಗಳಲ್ಲಿ ಕಾಹ್ಲ್, ಶಾರ್ಪ್ ಎಂಬ ಬೇರೆ ಬೇರೆ ವಂಶಗಳಿವೆ. ಈ ಎರಡು ವಂಶಗಳ ಹಾವುಗಳನ್ನು ಕೂಡಿಸಿದರೆ ಮರಿಗಳು ಸಾಮಾನ್ಯ ಬಣ್ಣದಲ್ಲೇ ಹುಟ್ಟುತ್ತವೆ. ಹಾಗಾಗಿ ಮೂಲ ತಿಳಿಯುವವರೆಗೆ ಎರಡನ್ನೂ ಬೇರೆ ಬೇರೆ ಗೂಡಿನಲ್ಲಿಟ್ಟಿದ್ದೇನೆ. ಬೋವಾ ಸಾಕಿದ ಅನುಭವವಿರುವವರು ದಯವಿಟ್ಟು ತಿಳಿಸಿ: ತಲೆ, ಬೆನ್ನು, ಬಾಲ, ಯಾವ ಭಾಗದ ಚಿತ್ರ ಕಳುಹಿಸಲಿ? ಪೊರೆಯಿಂದ ವಂಶವಾಹಿ ಪರೀಕ್ಷೆ ಮಾಡುವ ಪ್ರಯೋಗಾಲಯ ಗೊತ್ತಿದ್ದರೂ ಹೇಳಿ, ಪೊರೆಯನ್ನು ಒಣಗಿಸಿ ಜೋಪಾನವಾಗಿಟ್ಟಿದ್ದೇನೆ.