ಕ್ಯಾಲ್ಸಿಯಂ, ಕ್ಯಾಲ್ಕುಲಸ್, ಕ್ಯಾಲ್ಕೇನಿಯಸ್: ಬೇರು ಒಂದೇನಾ?

ಪ್ರಶ್ನೆ (ಕೊಪ್ಪಳ)
ಪಿಯು ಮಕ್ಕಳಿಗಾಗಿ ವಿಜ್ಞಾನದ ಪದಗಳ ಮೂಲ ಪಟ್ಟಿ ಮಾಡುತ್ತಿದ್ದೇನೆ. ಕ್ಯಾಲ್ಸಿಯಂ, ಗಣಿತದ ಕ್ಯಾಲ್ಕುಲಸ್, ಸ್ಕ್ಯಾನ್ ರಿಪೋರ್ಟಿನ ‘ರೀನಲ್ ಕ್ಯಾಲ್ಕುಲಸ್’, ಹಿಮ್ಮಡಿ ಮೂಳೆಯ ಹೆಸರು ಕ್ಯಾಲ್ಕೇನಿಯಸ್ – ನಾಲ್ಕನ್ನೂ ಒಂದೇ ಬೇರಿಗೆ ಕಟ್ಟಬಹುದೇ? ಹಾಗಿದ್ದರೆ ಒಂದರಲ್ಲಿ ‘ಸಿ’, ಇನ್ನೊಂದರಲ್ಲಿ ‘ಕು’ ಹೇಗೆ?

ಉತ್ತರ (ರಾಯಚೂರು)
ಮೊದಲ ಮೂರು ಒಂದೇ ಬಳ್ಳಿಯವು ಸರ್, ನಾಲ್ಕನೆಯದನ್ನು ಬಿಡಿ. ಲ್ಯಾಟಿನ್ನಿನ ‘ಕಾಲ್ಕ್ಸ್’ ಎಂದರೆ ಸುಣ್ಣದಕಲ್ಲು, ಸುಣ್ಣ. ಬೇರು ಬೇಕಾದರೆ ಷಷ್ಠಿ ರೂಪ ನೋಡಬೇಕು: ‘ಕಾಲ್ಕಿಸ್’. ‘ಇಸ್’ ಕಳಚಿದರೆ ‘ಕಾಲ್ಕ್’ ಉಳಿಯುತ್ತದೆ. 1808ರಲ್ಲಿ ಹಂಫ್ರಿ ಡೇವಿ ಅದಕ್ಕೆ ‘ಇಯಂ’ ಹಚ್ಚಿ ಲೋಹಕ್ಕೆ ಹೆಸರಿಟ್ಟ. ಚಿಕ್ಕದು ಎಂಬರ್ಥದ ‘ಉಲುಸ್’ ಹಚ್ಚಿದರೆ ‘ಕಾಲ್ಕುಲುಸ್’, ಸಣ್ಣ ಹರಳು. ರೋಮನ್ನರು ಹಲಗೆಯ ಮೇಲೆ ಹರಳು ಸರಿಸಿ ಲೆಕ್ಕ ಮಾಡುತ್ತಿದ್ದರು. ಹರಳಿನ ಹೆಸರೇ ಲೆಕ್ಕಕ್ಕೆ ನಿಂತಿತು. ಕಿಡ್ನಿಯೊಳಗಿನದನ್ನು ನಾವೂ ಹರಳು ಅಂತಲೇ ಕರೆಯುತ್ತೇವಲ್ಲ.

ರೋಮನ್ನರ ಬಾಯಲ್ಲಿ ಎರಡೂ ‘ಕ’ಕಾರವೇ. ಇಂಗ್ಲಿಷಿನಲ್ಲಿ ಅದನ್ನು ಬರೆಯುವ ‘c’ ಅಕ್ಷರದ ಮುಂದೆ ‘ಇ’, ‘ಎ’ ಬಂದರೆ ‘ಸ’ ಆಗುತ್ತದೆ, ‘ಉ’ ಬಂದರೆ ‘ಕ’ ಉಳಿಯುತ್ತದೆ. ಕನ್ನಡದಲ್ಲಿ ಕೇಳಿದಂತೆ ಬರೆಯುವುದರಿಂದ ನಂಟು ಮರೆಯಾಗುತ್ತದೆ. ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಒಂದರ ಕೆಳಗೊಂದು ಬರೆದು, ಮೊದಲ 4 ಅಕ್ಷರಕ್ಕೆ ಅಡಿಗೆರೆ ಎಳೆಯಿರಿ.

ಕ್ಯಾಲ್ಕೇನಿಯಸ್ಸಿಗೂ ಅವೇ 4 ಅಕ್ಷರ! ಆದರೆ ಅದು ಹಿಮ್ಮಡಿ ಎಂಬರ್ಥದ ಬೇರೆಯೇ ‘ಕಾಲ್ಕ್ಸ್’. ಷಷ್ಠಿಯೂ ಒಂದೇ ಆದ್ದರಿಂದ ರೂಪ ನೋಡಿ ಬೇರ್ಪಡಿಸಲಾಗದು, ಅರ್ಥವನ್ನೇ ನೋಡಬೇಕು.

ಉತ್ತರ (ಬಳ್ಳಾರಿ)
ಕ್ಯಾಲ್ಸಿನೇಷನ್ ಕೂಡ ಸೇರಿಸಿ. ಮೂಲದಲ್ಲಿ ಸುಣ್ಣ ಸುಡುವುದು. 100 ಕೆಜಿ ಶುದ್ಧ ಸುಣ್ಣದಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಸುಟ್ಟರೆ 44 ಕೆಜಿ ಇಂಗಾಲದ ಡೈಆಕ್ಸೈಡ್ ಹೋಗಿ 56 ಕೆಜಿ ಸುಟ್ಟ ಸುಣ್ಣ ಉಳಿಯುತ್ತದೆ. ಈಗ ಸುಣ್ಣದ ಸೋಂಕಿಲ್ಲದ ಅದಿರು ಸುಡುವುದಕ್ಕೂ ಇದೇ ಪದ. ಹೆಸರಿನಿಂದ ವಸ್ತು ಊಹಿಸಬೇಡಿ: ಯೂರಿಕ್ ಆಮ್ಲದ ಕಿಡ್ನಿ ಹರಳಿಗೂ ಕ್ಯಾಲ್ಕುಲಸ್ ಎನ್ನುತ್ತಾರೆ, ಯೂರಿಕ್ ಆಮ್ಲದಲ್ಲಿ ಕ್ಯಾಲ್ಸಿಯಂ ಇಲ್ಲ.

ನಮ್ಮ ‘ಸುಣ್ಣ’ ಚೂರ್ಣದ ತದ್ಭವ. ಅವರು ಕಲ್ಲು ನೋಡಿ ಹೆಸರಿಟ್ಟರು, ನಮ್ಮವರು ಪುಡಿ ನೋಡಿ. ಸುಟ್ಟ ಉಂಡೆಗೆ ನೀರು ಚಿಮುಕಿಸಿದರೆ ಬುಸ್ಸೆಂದು ಕಾದು, ಬಿರಿದು, ತಾನೇ ಹಿಟ್ಟಾಗುತ್ತದೆ. 56 ಕೆಜಿಗೆ ಲೆಕ್ಕದಂತೆ 18 ಲೀಟರ್ ನೀರು ಸಾಕು. ಕಾವಿಗೆ ಆವಿಯಾಗುವುದರಿಂದ ಹೆಚ್ಚೇ ಬೇಕು.

ಮರುಪ್ರಶ್ನೆ (ಕೊಪ್ಪಳ)
ಚಾಕ್?

ಉತ್ತರ (ರಾಯಚೂರು)
ಅದೂ ಸುಣ್ಣದ ಕಾಲ್ಕ್ಸ್ ಸಂತಾನವೇ, ಹಳೆಯ ಇಂಗ್ಲಿಷಿನ ಕಾಲಕ್ಕೇ ಆ ಭಾಷೆಗೆ ಬಂದದ್ದು. ಶಾಲೆಯ ಚಾಕ್‌ಪೀಸನ್ನು ಹೆಚ್ಚಾಗಿ ಜಿಪ್ಸಂನಿಂದ ಮಾಡುತ್ತಾರೆ. ಕ್ಯಾಲ್ಸಿಯಂ ಅದರಲ್ಲೂ ಇದೆ.